ದೊಡ್ಡ ಮಸ್ಕಿ ಲ್ಯೂರ್‌ಗಳಿಗೆ ಬಾಳಿಕೆ ಬರುವ ಕಾಸ್ಟಿಂಗ್ ರೀಲ್: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಗಾಳ ಹಾಕುವವರಿಗೆ ಮಸ್ಕೆಲಂಜ್, ಅಂದರೆ ಎಲ್ಲರ ಬಾಯಲ್ಲಿ ಮಸ್ಕಿ, ಸುಲಭಕ್ಕೆ ದಕ್ಕುವ ಮೀನಲ್ಲ. ವಿಸ್ಕಾನ್ಸಿನ್ 1955ರಲ್ಲಿ ಇದನ್ನು ತನ್ನ ರಾಜ್ಯಮೀನೆಂದು ಘೋಷಿಸಿತು. ಮಿನೆಸೋಟಾದ ಮಿಲ್ ಲ್ಯಾಕ್ಸ್, ಲೀಚ್ ಮತ್ತು ವರ್ಮಿಲಿಯನ್ ಸರೋವರಗಳು, ಮಿಷಿಗನ್ ಮತ್ತು ಒಂಟಾರಿಯೊ ನಡುವಿನ ಸೇಂಟ್ ಕ್ಲೇರ್ ಸರೋವರ, ಸೇಂಟ್ ಲಾರೆನ್ಸ್ ನದಿ ಇವೆಲ್ಲ ಇದರ ಹೆಸರಾಂತ ನೆಲೆಗಳು. ಹತ್ತು ಸಾವಿರ ಎಸೆತಕ್ಕೊಂದು ಮೀನು ಎಂಬ ಮಾತು ಆ ಕಡೆ ಬಹಳ ಹಳೆಯದು. ಅದರಲ್ಲಿ ಉತ್ಪ್ರೇಕ್ಷೆ ಇದೆಯಾದರೂ ಗಾಳದ ಕೋಲಿಗೆ ಕೂರಿಸಿ ದಾರ ಸುತ್ತುವ ರೀಲ್ ಕೊಳ್ಳಲು ಹೊರಟವರು ಅದನ್ನು ಅಕ್ಷರಶಃ ನಂಬುವುದೇ ಕ್ಷೇಮ, ಏಕೆಂದರೆ ಮೀನು ಸಿಗಲಿ ಬಿಡಲಿ, ಆ ಎಸೆತಗಳನ್ನೆಲ್ಲ ರೀಲ್ ತಾಳಿಕೊಳ್ಳಲೇಬೇಕು.

ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಒಂದು ಎಸೆತದಂತೆ ಎಂಟು ಗಂಟೆ ದೋಣಿಯಲ್ಲಿ ನಿಂತರೆ 480 ಎಸೆತಗಳಾಗುತ್ತವೆ. ಪ್ರತಿ ಎಸೆತವೂ 30 ಮೀಟರ್ ಹೋಗಿ, ಹ್ಯಾಂಡಲ್‌ನ ಒಂದು ಸುತ್ತಿಗೆ 75 ಸೆಂ.ಮೀ. ದಾರ ಒಳಗೆ ಬಂದರೆ ಎಸೆತವೊಂದಕ್ಕೆ 40 ಸುತ್ತು, ದಿನಕ್ಕೆ 19,000ಕ್ಕೂ ಹೆಚ್ಚು ಸುತ್ತು. ಬಾಸ್ ಮೀನಿಗೆಂದು ಮಾಡಿದ ಸಣ್ಣ ರೀಲ್ ಅರ್ಧ ಔನ್ಸಿನ, ಅಂದರೆ ಸುಮಾರು 14 ಗ್ರಾಮಿನ ಲ್ಯೂರ್‌ಗೆ (ಮೀನನ್ನು ಸೆಳೆಯುವ ಕೃತಕ ಎರೆಗೆ) ಈ ಕೆಲಸವನ್ನು ವರ್ಷಗಟ್ಟಲೆ ಮಾಡಬಲ್ಲದು. ಮಸ್ಕಿಗೆ ಎಸೆಯುವ ಕೃತಕ ಮೀನುಗಳು 8 ಔನ್ಸ್, ಅಂದರೆ ಸುಮಾರು 225 ಗ್ರಾಂ ತೂಗುವುದು ಸಾಮಾನ್ಯ. ಒಂದು ಪೌಂಡ್ ತೂಗುವ ರಬ್ಬರ್ ಲ್ಯೂರ್‌ಗಳೂ ಇವೆ. ಇವುಗಳ ಮುಂದೆ ಸಣ್ಣ ರೀಲ್ ಒಂದೆರಡು ಋತುಗಳಲ್ಲಿ ಗರಗರ ಎನ್ನಲು ತೊಡಗುತ್ತದೆ.

ಇನ್ನು ಮೀನಿನ ವಿಚಾರ. ವಿಸ್ಕಾನ್ಸಿನ್‌ನ ಹೇವರ್ಡ್ ಸಮೀಪದ ಸರೋವರವೊಂದರಲ್ಲಿ 1949ರ ಜುಲೈನಲ್ಲಿ ಕ್ಯಾಲ್ ಜಾನ್ಸನ್ ಹಿಡಿದ, ದಾಖಲೆಯೆಂದು ಹೆಸರಾದ ಮಸ್ಕಿ 67 ಪೌಂಡ್ 8 ಔನ್ಸ್, ಅಂದರೆ 30 ಕಿಲೋಗೂ ಮಿಕ್ಕಿ ತೂಗಿತ್ತು. ಅಂಥ ಮೀನಿನ ಕನಸಿನಲ್ಲೇ ಅನೇಕರು ರೀಲ್ ಕೊಳ್ಳುತ್ತಾರೆ. ಆದರೆ ಮೀನಿನೊಂದಿಗಿನ ಸೆಣಸಾಟ ಕೆಲವೇ ನಿಮಿಷಗಳದ್ದು, ಲ್ಯೂರ್‌ನೊಂದಿಗಿನ ಸೆಣಸಾಟ ದಿನವಿಡೀ ನಡೆಯುವಂಥದ್ದು. ರೀಲ್ ಸವೆಯುವುದು ಈ ಎರಡನೆಯದರಿಂದ. ಹೀಗಾಗಿ ಈ ಬರಹದುದ್ದಕ್ಕೂ ಆಯ್ಕೆಯ ಅಳತೆಗೋಲು ನೀವು ಎಸೆಯಲಿರುವ ಲ್ಯೂರ್ ಆಗಿರುತ್ತದೆ.

ಮೊದಲ ಹೆಜ್ಜೆ: ಪೆಟ್ಟಿಗೆಯಲ್ಲಿರುವ ಲ್ಯೂರ್‌ಗಳನ್ನು ಮೂರು ಗುಂಪು ಮಾಡಿ

ತೂಕವೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಮಸ್ಕಿ ಮೇಹೆಮ್ ಸಂಸ್ಥೆಯ ಡಬಲ್ ಕೌಗರ್ಲ್‌ನಂಥ ಬಕ್‌ಟೇಲ್, ಅಂದರೆ 10ನೇ ನಂಬರಿನ ಎರಡು ದೊಡ್ಡ ತಿರುಗುಪಟ್ಟಿಗಳಿರುವ ಲ್ಯೂರ್, ಸುಮಾರು 3 ಔನ್ಸ್ ಮಾತ್ರ ತೂಗುತ್ತದೆ. ಮಸ್ಕಿ ಇನ್ನೊವೇಷನ್ಸ್‌ನ ಮ್ಯಾಗ್ನಂ ಬುಲ್‌ಡಾಗ್ ಎಂಬ ರಬ್ಬರ್ ಮೀನು ಅದರ ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಆದರೂ ವೇಗವಾಗಿ ಸುತ್ತುವಾಗ ಹಗುರವಾದ ಬಕ್‌ಟೇಲೇ ಕೈಯನ್ನೂ ಗಿಯರನ್ನೂ ಹೆಚ್ಚು ದಣಿಸುತ್ತದೆ, ಏಕೆಂದರೆ ಆ ಎರಡು ಪಟ್ಟಿಗಳು ನೀರನ್ನು ಸೀಳುವ ಬದಲು ತಳ್ಳುತ್ತಲೇ ಬರುತ್ತವೆ. ಎಸೆಯುವಾಗಿನ ಭಾರ ಬೇರೆ, ಎಳೆಯುವಾಗಿನ ಭಾರ ಬೇರೆ.

ಮೊದಲನೆಯ ಗುಂಪಿಗೆ ಎಡೆಬಿಡದೆ ಸುತ್ತುತ್ತಲೇ ಬರಬೇಕಾದ ಲ್ಯೂರ್‌ಗಳು ಸೇರುತ್ತವೆ: ದೊಡ್ಡ ಬಕ್‌ಟೇಲ್‌ಗಳು ಮತ್ತು ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್‌ಗಳು. ಇವು ಮುಖ್ಯ ಗಿಯರ್, ಅದಕ್ಕೆ ಕೂಡಿಕೊಳ್ಳುವ ಸಣ್ಣ ಗಿಯರಾದ ಪಿನಿಯನ್, ಹ್ಯಾಂಡಲ್ ದಂಡದ ಬೇರಿಂಗ್ ಮತ್ತು ದಾರವನ್ನು ಸಮನಾಗಿ ಹರಡುವ ಲೆವೆಲ್‌ವೈಂಡ್ ಇಷ್ಟನ್ನೂ ಸವೆಸುತ್ತವೆ. ಎರಡನೆಯದು ಕೋಲಿನಿಂದ ಜಗ್ಗಿ ಓಡಿಸುವ ಲ್ಯೂರ್‌ಗಳದ್ದು, ಸ್ವಿಕ್ ಥ್ರಿಲರ್‌ನಂಥ ಮರದ ಜರ್ಕ್‌ಬೇಟ್‌ಗಳು ಮತ್ತು ದೊಡ್ಡ ರಬ್ಬರ್ ಮೀನುಗಳು. ಇಲ್ಲಿ ಜಗ್ಗುವ ಗಳಿಗೆಯಲ್ಲಿ ಹ್ಯಾಂಡಲ್ ತಿರುಗುತ್ತಿರುವುದಿಲ್ಲ. ಆದ್ದರಿಂದ ಪೆಟ್ಟು ನೇರವಾಗಿ ಆಂಟಿ-ರಿವರ್ಸ್ ಮೇಲೆ, ಅಂದರೆ ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಭಾಗದ ಮೇಲೆ ಬೀಳುತ್ತದೆ. ಇಂಥ ಪೆಟ್ಟುಗಳು ದಿನಕ್ಕೆ ಸಾವಿರಗಟ್ಟಲೆ. ಮೂರನೆಯದು ನೀರಿನ ಮೇಲೆ ಸದ್ದು ಮಾಡುತ್ತ ಬರುವ ಟಾಪ್‌ವಾಟರ್ ಲ್ಯೂರ್‌ಗಳು ಮತ್ತು ಸಣ್ಣ ಬಕ್‌ಟೇಲ್‌ಗಳು. ಇವು ರೀಲ್‌ಗೆ ಹೇಳಿಕೊಳ್ಳುವಂಥ ತೊಂದರೆಯನ್ನೇನೂ ಕೊಡುವುದಿಲ್ಲ, ಯಾವ ಒಳ್ಳೆಯ ರೀಲಾದರೂ ಇವಕ್ಕೆ ಸಾಕು.

ನೀವು ಹೆಚ್ಚು ಹೊತ್ತು ಎಸೆಯುವುದು ಯಾವ ಗುಂಪಿನವನ್ನು ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ವರ್ಷಕ್ಕೆ ಎರಡು ಸಲ ಹೊರತೆಗೆಯುವ ಒಂದು ಪೌಂಡಿನ ಲ್ಯೂರ್‌ಗಾಗಿ ರೀಲ್ ಕೊಂಡು, ಉಳಿದ ದಿನಗಳಲ್ಲೆಲ್ಲ ಅದರ ಭಾರ ಹೊರುವವರನ್ನು ಕಂಡಾಗ ಮರುಕ ಹುಟ್ಟುತ್ತದೆ.

ಎರಡನೆಯ ಹೆಜ್ಜೆ: ಗಾತ್ರ ಮತ್ತು ದಾರ

ಮಸ್ಕಿಗೆ ಸಾಮಾನ್ಯವಾಗಿ ಬಳಸುವುದು 80ರಿಂದ 100 ಪೌಂಡ್ ತಾಳುವ ಹೆಣೆದ ದಾರ. ಇಷ್ಟು ಗಟ್ಟಿ ದಾರ ಮೀನಿಗಾಗಿ ಬೇಕೆಂದು ಹೊಸಬರು ತಿಳಿಯುತ್ತಾರೆ. ನಿಜವಾದ ಕಾರಣ ಎಸೆತದಲ್ಲಿದೆ. 8 ಔನ್ಸಿನ ಲ್ಯೂರ್ ಪೂರ್ತಿ ವೇಗದಲ್ಲಿ ಹಾರುತ್ತಿರುವಾಗ ಬ್ಯಾಕ್‌ಲ್ಯಾಶ್ ಆಗಿ, ಅಂದರೆ ದಾರ ಸುತ್ತಿಡುವ ಗಾಲಿಯಾದ ಸ್ಪೂಲ್ ಮೇಲೆ ದಾರ ಗೋಜಲಾಗಿ ನಿಂತುಬಿಟ್ಟರೆ, ತೆಳು ದಾರ ಫಟ್ಟೆಂದು ಹರಿದು ಮೂವತ್ತು ಡಾಲರಿನ ಲ್ಯೂರ್ ಸರೋವರದ ಪಾಲಾಗುತ್ತದೆ. ಹೀಗೆ ಹಾರಿಹೋಗುವ ಲ್ಯೂರ್ ದೋಣಿಯಲ್ಲಿರುವ ಇನ್ನೊಬ್ಬರಿಗೆ ತಗಲುವ ಅಪಾಯವೂ ಇದೆ. ದಾರ ದಪ್ಪವಾದಾಗ ಅದಕ್ಕೆ ತಕ್ಕ ದೊಡ್ಡ ಸ್ಪೂಲ್ ಬೇಕಾಗುತ್ತದೆ.

ರೀಲ್‌ನ ಪೆಟ್ಟಿಗೆಯ ಮೇಲೆ ಬರೆದಿರುವ ದಾರದ ಅಳತೆ ಬಹುತೇಕ ತೆಳು ದಾರದ್ದು. ಅದನ್ನು ನಿಮ್ಮ ದಾರಕ್ಕೆ ಹೊಂದಿಸಲು ಸರಳ ಸೂತ್ರವಿದೆ: ಬರೆದಿರುವ ಉದ್ದವನ್ನು ತೆಳು ದಾರದ ವ್ಯಾಸದ ವರ್ಗದಿಂದ ಗುಣಿಸಿ, ದಪ್ಪ ದಾರದ ವ್ಯಾಸದ ವರ್ಗದಿಂದ ಭಾಗಿಸಬೇಕು. 0.36 ಮಿ.ಮೀ. ದಾರ 200 ಮೀಟರ್ ಹಿಡಿಯುವ ಸ್ಪೂಲ್‌ನಲ್ಲಿ 0.43 ಮಿ.ಮೀ. ದಾರ ಸುಮಾರು 140 ಮೀಟರ್ ಹಿಡಿಯುತ್ತದೆ. ಮಸ್ಕಿಗೆ ಅಷ್ಟು ಧಾರಾಳವಾಗಿ ಸಾಕು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯ ಮಡುಗಳಲ್ಲಿ ಹಿಂದೆ ರಾಗಿ ಹಿಟ್ಟಿನ ಉಂಡೆ ಕಟ್ಟಿ ಮಹಶೀರ್‌ಗೆ ಗಾಳ ಹಾಕುತ್ತಿದ್ದವರ ಅನುಭವ ಕೇಳಿ ಬೆಳೆದವರಿಗೆ ಇದು ಕಡಿಮೆ ಅನಿಸಬಹುದು. ಅಲ್ಲಿ ದೊಡ್ಡ ಮೀನು ಹೊಳೆಯ ಸೆಳವಿನ ಜೊತೆ ಕೆಳಕ್ಕೆ ಓಡುತ್ತಿದ್ದರಿಂದ ದಾರದ ದಾಸ್ತಾನೇ ಮುಖ್ಯವಾಗಿತ್ತು. ಮಸ್ಕಿ ದೂರ ಓಡುವುದು ಅಪರೂಪ. ಅದು ದೋಣಿಯ ಆಸುಪಾಸಿನಲ್ಲೇ ತಲೆ ಕೊಡವುತ್ತ, ಮುಳುಗುತ್ತ, ಜಿಗಿಯುತ್ತ ಹೋರಾಡುತ್ತದೆ. ಆದ್ದರಿಂದ ದಾರ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ, ದೊಡ್ಡ ಸ್ಪೂಲ್ ಇರುವ ರೀಲ್‌ನ ಒಳಗೆ ದೊಡ್ಡ ಗಿಯರ್ ಇರಲು ಜಾಗವಿರುತ್ತದೆ ಎಂಬುದೇ ಗಾತ್ರ ಹೆಚ್ಚಿಸಿಕೊಳ್ಳಲು ಸರಿಯಾದ ಕಾರಣ.

ಚಪ್ಪಟೆ ಆಕಾರದ ಲೋ-ಪ್ರೊಫೈಲ್ ರೀಲ್‌ಗಳಲ್ಲಿ 300, 400, 500 ಎಂಬ ಸಂಖ್ಯೆಗಳನ್ನು ಕಾಣುತ್ತೀರಿ. ಇವು ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಕರಾರುವಾಕ್ಕಾಗಿ ಹೊಂದುವುದಿಲ್ಲವಾದರೂ ಅಂದಾಜಿಗೆ ಸಾಕಾಗುತ್ತವೆ. ಟಾಪ್‌ವಾಟರ್ ಮತ್ತು ಸಾಧಾರಣ ಬಕ್‌ಟೇಲ್‌ಗಳಿಗೆ 300, ಹತ್ತನೇ ನಂಬರಿನ ಪಟ್ಟಿಗಳು ಮತ್ತು 8 ಔನ್ಸಿನವರೆಗಿನ ರಬ್ಬರ್ ಮೀನುಗಳಿಗೆ 400, ಒಂದು ಪೌಂಡಿನವುಗಳನ್ನು ಇಡೀ ದಿನ ಎಸೆಯುವವರಿಗೆ 500. ಮೊದಲ ಮಸ್ಕಿ ರೀಲ್ ಕೊಳ್ಳುವವರು 400ರ ಗಾತ್ರದಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹೆಜ್ಜೆ: ಗಿಯರ್ ಅನುಪಾತವನ್ನು ತೋಳಿನ ಲೆಕ್ಕದಲ್ಲಿ ನೋಡಿ

ಹ್ಯಾಂಡಲ್ ಒಂದು ಸುತ್ತು ಬಂದಾಗ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಎಂಬುದೇ ಗಿಯರ್ ಅನುಪಾತ. ದಾರದ ಸುತ್ತಿನ ವ್ಯಾಸ 40 ಮಿ.ಮೀ. ಇದ್ದರೆ 5:1 ರೀಲ್ ಒಂದು ಸುತ್ತಿಗೆ ಸುಮಾರು 63 ಸೆಂ.ಮೀ. ದಾರವನ್ನೂ 7:1 ರೀಲ್ ಸುಮಾರು 88 ಸೆಂ.ಮೀ. ದಾರವನ್ನೂ ಒಳಕ್ಕೆಳೆಯುತ್ತದೆ. ಆದ್ದರಿಂದ ಎರಡು ರೀಲ್‌ಗಳನ್ನು ಹೋಲಿಸುವಾಗ ಅನುಪಾತದ ಬದಲು, ಒಂದು ಸುತ್ತಿಗೆ ಬರುವ ದಾರದ ಉದ್ದವನ್ನೇ ಹೋಲಿಸಬೇಕು. ಸ್ಪೂಲ್ ದೊಡ್ಡದಿದ್ದರೆ ಕಡಿಮೆ ಅನುಪಾತದ ರೀಲೂ ಚುರುಕಾಗಿರಬಲ್ಲದು. ಶಿಮಾನೊ ಟ್ರ್ಯಾಂಕ್ಸ್ 500ರ 4.6:1 ಮಾದರಿ ಒಂದು ಸುತ್ತಿಗೆ 30 ಇಂಚಿನಷ್ಟು ದಾರ ಎಳೆಯುತ್ತದೆ. ಕೆಲವು ಸಣ್ಣ ರೀಲ್‌ಗಳಿಗೆ ಅಷ್ಟು ಎಳೆಯಲು 6ರ ಮೇಲಿನ ಅನುಪಾತ ಬೇಕಾಗುತ್ತದೆ.

ವೇಗ ಹೆಚ್ಚಿದಂತೆ ತೋಳಿಗೆ ಬೀಳುವ ಭಾರವೂ ಹೆಚ್ಚುತ್ತದೆ. ಏರುರಸ್ತೆಯಲ್ಲಿ ಸೈಕಲ್ಲಿನ ಗಿಯರ್ ಬದಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯೂರ್ ನೀರಿನಲ್ಲಿ 2 ಕಿಲೋ ತೂಕದಷ್ಟು ಎದುರೆಳೆಯುತ್ತಿದೆ, ದಾರದ ಸುತ್ತಿನ ತ್ರಿಜ್ಯ 20 ಮಿ.ಮೀ., ಹ್ಯಾಂಡಲ್‌ನ ನಡುವಿನಿಂದ ನಾಬ್‌ವರೆಗಿನ ಉದ್ದ 55 ಮಿ.ಮೀ. ಎಂದುಕೊಳ್ಳೋಣ. 7.1:1 ರೀಲ್‌ನಲ್ಲಿ ನಿಮ್ಮ ಬೆರಳುಗಳು ಸುಮಾರು 5.2 ಕಿಲೋ ಬಲ ಹಾಕಬೇಕಾಗುತ್ತದೆ, 4.6:1 ರೀಲ್‌ನಲ್ಲಿ 3.3 ಕಿಲೋ ಸಾಕು. ಅದೇ 7.1:1 ರೀಲ್‌ಗೆ 70 ಮಿ.ಮೀ. ಉದ್ದದ ಹ್ಯಾಂಡಲ್ ಹಾಕಿದರೆ ಅದು ಸುಮಾರು 4.1 ಕಿಲೋಗೆ ಇಳಿಯುತ್ತದೆ. ಒಳಗಿನ ತಿಕ್ಕಾಟವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದರೆ ಅಂಕಿಗಳು ಇನ್ನಷ್ಟು ಏರುತ್ತವೆ. ಇದೇ ಬಲವನ್ನು ಗಿಯರ್‌ನ ಹಲ್ಲುಗಳೂ ಹೊರುತ್ತವೆ ಎಂಬುದು ಬಾಳಿಕೆಯ ದೃಷ್ಟಿಯಿಂದ ಇನ್ನೂ ಮುಖ್ಯ. ಅಷ್ಟೇ ಜಾಗದಲ್ಲಿ ಅನುಪಾತ ಹೆಚ್ಚಿಸಬೇಕೆಂದರೆ ಪಿನಿಯನ್ ಚಿಕ್ಕದಾಗಬೇಕು ಇಲ್ಲವೇ ಅದರ ಹಲ್ಲುಗಳು ಕಡಿಮೆಯಾಗಬೇಕು. ಹಾಗಾದಾಗ ಪ್ರತಿ ಹಲ್ಲಿಗೂ ಹೆಚ್ಚು ಸಲ, ಹೆಚ್ಚು ಭಾರದ ಕೆಲಸ ಬೀಳುತ್ತದೆ.

ಹಾಗೆಂದು ಎಲ್ಲರಿಗೂ ಕಡಿಮೆ ಅನುಪಾತವೇ ಸರಿಯೆಂದಲ್ಲ. ಜರ್ಕ್‌ಬೇಟ್ ಮತ್ತು ರಬ್ಬರ್ ಮೀನುಗಳಲ್ಲಿ ಲ್ಯೂರನ್ನು ಓಡಿಸುವುದು ಕೋಲು. ರೀಲ್‌ನ ಕೆಲಸ ಸಡಿಲಾದ ದಾರವನ್ನು ಬೇಗ ಸುತ್ತಿಕೊಳ್ಳುವುದು. ಅಲ್ಲಿ 6ರಿಂದ 7ರ ಅನುಪಾತ ನಿಜವಾಗಿ ನೆರವಾಗುತ್ತದೆ, ಗಿಯರ್ ಮೇಲಿನ ಭಾರವೂ ಕಡಿಮೆ ಇರುತ್ತದೆ. ಮೀನು ಲ್ಯೂರ್ ಕಚ್ಚಿ ದೋಣಿಯತ್ತಲೇ ನುಗ್ಗಿದಾಗಲೂ ವೇಗದ ರೀಲ್ ಇದ್ದವರೇ ಬಚಾವು. ಬಕ್‌ಟೇಲ್ ಮತ್ತು ಆಳದ ಕ್ರ್ಯಾಂಕ್‌ಬೇಟ್‌ಗೆ 4.6ರಿಂದ 5.8, ಜಗ್ಗುವ ಲ್ಯೂರ್‌ಗಳಿಗೆ 6ರ ಮೇಲೆ ಎಂದಿಟ್ಟುಕೊಳ್ಳಬಹುದು. ಒಂದೇ ರೀಲ್ ಕೊಳ್ಳುವ ಶಕ್ತಿ ಇರುವವರು 5.8ರ ಆಸುಪಾಸಿನದನ್ನು ಹಿಡಿಯಲಿ.

ನಾಲ್ಕನೆಯ ಹೆಜ್ಜೆ: ಒಳಗೆ ಏನಿದೆ ಎಂದು ವಿಚಾರಿಸಿ

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಬೇರಿಂಗ್‌ಗಳ ಸಂಖ್ಯೆಗೂ ರೀಲ್‌ನ ಆಯುಸ್ಸಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಹ್ಯಾಂಡಲ್ ದಂಡಕ್ಕೆ ಎರಡು ಕಡೆ, ಪಿನಿಯನ್‌ಗೆ ಎರಡೂ ತುದಿಯಲ್ಲಿ, ಸ್ಪೂಲ್‌ಗೆ ಎರಡೂ ಬದಿಯಲ್ಲಿ ಒಳ್ಳೆಯ ಆಧಾರವಿದ್ದರೆ ಅಷ್ಟೇ ಸಾಕು. ಹ್ಯಾಂಡಲ್‌ನ ನಾಬ್‌ಗಳಲ್ಲಿ ನಾಲ್ಕು ಬೇರಿಂಗ್ ಕೂರಿಸಿ ಒಟ್ಟು ಸಂಖ್ಯೆಯನ್ನು ಹತ್ತಕ್ಕೆ ಏರಿಸುವುದು ಮಾರಾಟದ ಜಾಣತನ. ಪಿನಿಯನ್‌ಗೆ ಎರಡು ಕಡೆ ಆಧಾರವಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ತಪ್ಪದೆ ಕೇಳಿ. ಒಂದೇ ಕಡೆ ಆಧಾರವಿದ್ದರೆ ಭಾರ ಬಿದ್ದಾಗ ಪಿನಿಯನ್ ಕೂದಲೆಳೆಯಷ್ಟು ವಾಲಿ, ಹಲ್ಲುಗಳು ಓರೆಯಾಗಿ ಕೂಡಿಕೊಂಡು, ಅಂಚಿನಿಂದ ಸವೆಯತೊಡಗುತ್ತವೆ.

ಮುಖ್ಯ ಗಿಯರ್ ಹಿತ್ತಾಳೆಯದಾಗಿರಲಿ. ಅಲ್ಯೂಮಿನಿಯಂ ಗಿಯರ್‌ನಿಂದ ರೀಲ್ ಹಗುರವಾಗುತ್ತದೆ, ಸಣ್ಣ ಲ್ಯೂರ್‌ಗಳಿಗೆ ಅದರಿಂದ ಕುಂದೇನೂ ಇಲ್ಲ. ಹತ್ತನೇ ನಂಬರಿನ ಪಟ್ಟಿಗಳನ್ನು ದಿನವಿಡೀ ಎಳೆದರೆ ಅದು ಬೇಗ ಸವೆಯುತ್ತದೆ. ಗಿಯರ್‌ನ ಅಗಲವೂ ಮುಖ್ಯ, ಏಕೆಂದರೆ ಹಲ್ಲು ಅಗಲವಾದಷ್ಟೂ ಭಾರ ಹಂಚಿಹೋಗುತ್ತದೆ. ತೀರ ಸಣ್ಣ ಹಲ್ಲುಗಳ ಗಿಯರ್ ಅಂಗಡಿಯಲ್ಲಿ ಬೆಣ್ಣೆಯಂಥ ನುಣುಪು ತೋರುತ್ತದೆ. ಆ ನುಣುಪಿಗೆ ಮರುಳಾಗದೆ, ಆ ತೆಳು ಹಲ್ಲುಗಳೇ ಮುಂದೆ ಭಾರ ಹೊರಬೇಕು ಎಂಬುದನ್ನು ನೆನಪಿಡಿ.

ಚೌಕಟ್ಟು ಲೋಹದ್ದಾಗಿರುವುದು ಮಸ್ಕಿಯ ಮಟ್ಟಿಗೆ ಕಡ್ಡಾಯವೆಂದೇ ತಿಳಿಯಿರಿ. ಗ್ರಾಫೈಟ್ ಬೆರೆತ ಪ್ಲಾಸ್ಟಿಕ್ ಚೌಕಟ್ಟು ಒಡೆಯುವುದು ವಿರಳ, ಆದರೆ ಭಾರಕ್ಕೆ ಬಾಗುತ್ತದೆ. ಚೌಕಟ್ಟು ಬಾಗಿದಾಗ ಎಷ್ಟೇ ಒಳ್ಳೆಯ ಗಿಯರ್ ಇದ್ದರೂ ಅವು ನೆಟ್ಟಗೆ ಕೂಡಿಕೊಳ್ಳುವುದಿಲ್ಲ. ಗಿಯರ್ ಇರುವ ಬದಿಯ ಮುಚ್ಚಳವೂ ಲೋಹದ್ದಾದರೆ ಇನ್ನೂ ಉತ್ತಮ, ಏಕೆಂದರೆ ಹ್ಯಾಂಡಲ್ ದಂಡದ ಹೊರಗಿನ ಬೇರಿಂಗ್ ಕುಳಿತಿರುವುದು ಅದರಲ್ಲೇ.

ಇನ್ನು ಆಂಟಿ-ರಿವರ್ಸ್. ನನ್ನ ಮಟ್ಟಿಗೆ ಇಡೀ ರೀಲ್‌ನಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಇದು, ಮತ್ತು ಕೊಳ್ಳುವವರು ಅತಿ ಕಡಿಮೆ ಕೇಳುವ ಭಾಗವೂ ಇದೇ. ಈಗಿನ ಬಹುಪಾಲು ರೀಲ್‌ಗಳಲ್ಲಿ ಇದಕ್ಕೆ ಒಂದೇ ದಿಕ್ಕಿಗೆ ತಿರುಗುವ ರೋಲರ್ ಬೇರಿಂಗ್ ಇರುತ್ತದೆ. ಅದರೊಳಗಿನ ಸಣ್ಣ ಉರುಳೆಗಳು ಮುಂದಕ್ಕೆ ತಿರುಗುವಾಗ ಸಡಿಲವಾಗಿದ್ದು, ಹಿಂದಕ್ಕೆ ತಿರುಗಲು ಹೊರಟ ಕೂಡಲೇ ಇಳಿಜಾರಿನ ಸಂದಿಗೆ ಸಿಕ್ಕಿಕೊಂಡು ದಂಡವನ್ನು ಕಚ್ಚಿ ಹಿಡಿಯುತ್ತವೆ. ಈ ಹಿಡಿತ ತಿಕ್ಕಾಟದ ಮೇಲೆ ನಿಂತಿದೆ. ಗಿಯರ್‌ಗೆ ಹಚ್ಚಿದ ಗಟ್ಟಿ ಗ್ರೀಸ್ ಹರಿದು ಇದರೊಳಗೆ ಸೇರಿದರೆ, ಅಥವಾ ಅಕ್ಟೋಬರ್ ಕೊನೆಯ ಚಳಿಗೆ ಅಲ್ಲಿನ ಜಿಡ್ಡು ಗಡುಸಾದರೆ, ಉರುಳೆಗಳು ತಮ್ಮ ಜಾಗಕ್ಕೆ ಸಮಯಕ್ಕೆ ಸರಿಯಾಗಿ ಬರುವುದಿಲ್ಲ. ಆಗ ನೀವು ಕೊಕ್ಕೆ ನಾಟಿಸಲೆಂದು ಕೋಲನ್ನು ಬಲವಾಗಿ ಎಳೆದ ಗಳಿಗೆಯಲ್ಲೇ ಹ್ಯಾಂಡಲ್ ಸರ್ರನೆ ಹಿಂದಕ್ಕೆ ತಿರುಗಿ, ಬೆರಳ ಗೆಣ್ಣಿಗೆ ಬಡಿದು, ಮೀನು ತಪ್ಪಿಹೋಗುತ್ತದೆ. ವರ್ಷಗಟ್ಟಲೆ ಜರ್ಕ್‌ಬೇಟ್ ಜಗ್ಗಿದ ರೀಲ್‌ನಲ್ಲಿ ಉರುಳೆಗಳು ಕಚ್ಚಿ ಹಿಡಿಯುವ ಲೋಹದ ಕೊಳವೆ ಸವೆದೂ ಹೀಗಾಗುತ್ತದೆ.

ಹಳೆಯ ಕಾಲದ ದುಂಡು ರೀಲ್‌ಗಳಲ್ಲಿ ಈ ಕೆಲಸವನ್ನು ಹಲ್ಲುಚಕ್ರ ಮತ್ತು ಅದಕ್ಕೆ ಬಂದು ಸಿಕ್ಕಿಕೊಳ್ಳುವ ಲೋಹದ ನಾಲಿಗೆ ಮಾಡುತ್ತಿದ್ದವು. ಹ್ಯಾಂಡಲ್ ತುಸು ಹಿಂದಕ್ಕೆ ಜಾರಿ ನಿಲ್ಲುತ್ತಿತ್ತು, ನಿಂತ ಮೇಲೆ ಮಾತ್ರ ಕದಲುತ್ತಿರಲಿಲ್ಲ. ಇಂದಿನ ಒಳ್ಳೆಯ ರೀಲ್‌ಗಳಲ್ಲಿ ಕೆಲವು ರೋಲರ್ ಬೇರಿಂಗ್ ಜೊತೆಗೆ ಈ ಹಲ್ಲುಚಕ್ರವನ್ನೂ ಎರಡನೆಯ ಕಾವಲಾಗಿ ಇಟ್ಟುಕೊಂಡಿವೆ. ಎರಡನೆಯ ಗುಂಪಿನ ಲ್ಯೂರ್‌ಗಳನ್ನೇ ಹೆಚ್ಚು ಎಸೆಯುವವರು ರೀಲ್‌ನ ಬಿಡಿಭಾಗಗಳ ನಕ್ಷೆ ತರಿಸಿಕೊಂಡು, ಅದರಲ್ಲಿ ಈ ಎರಡನೆಯ ಕಾವಲು ಇದೆಯೇ ಎಂದು ನೋಡಿಯೇ ಹಣ ಕೊಡಬೇಕು.

ಐದನೆಯ ಹೆಜ್ಜೆ: ಹ್ಯಾಂಡಲ್, ಲೆವೆಲ್‌ವೈಂಡ್, ಥಂಬ್ ಬಾರ್

ಉದ್ದ ಹ್ಯಾಂಡಲ್‌ನ ಲಾಭವನ್ನು ಮೇಲಿನ ಲೆಕ್ಕದಲ್ಲೇ ಕಂಡಿದ್ದೀರಿ. ಆದರೆ ಹ್ಯಾಂಡಲ್ ಉದ್ದವಾದಷ್ಟೂ ಅದು ಬಾಗುವ, ನಾಬ್‌ನ ಕಡ್ಡಿ ಸೊಟ್ಟಗಾಗುವ ಸಂಭವ ಹೆಚ್ಚು. ಲೋಹ ದಪ್ಪವಾಗಿರಬೇಕು, ನಾಬ್ ನಾಲ್ಕು ಬೆರಳಿಗೂ ಸಿಗುವಷ್ಟು ದೊಡ್ಡದಿರಬೇಕು, ಹ್ಯಾಂಡಲ್‌ನ ನಟ್ಟಿಗೆ ಬಿಚ್ಚಿಕೊಳ್ಳದಂತೆ ತಡೆಯುವ ಮುಚ್ಚಳ ಇರಬೇಕು. ಎಡಗೈ ಹ್ಯಾಂಡಲ್ ಬೇಕೋ ಬಲಗೈ ಬೇಕೋ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿ, ಏಕೆಂದರೆ ಕಾಸ್ಟಿಂಗ್ ರೀಲ್‌ನಲ್ಲಿ ಅದನ್ನು ಆಮೇಲೆ ಬದಲಿಸಲಾಗದು. ದೋಣಿಯ ಪಕ್ಕದಲ್ಲಿ ಕೋಲಿನ ತುದಿಯನ್ನು ನೀರಿಗಿಳಿಸಿ ಎಂಟರ ಆಕಾರದಲ್ಲಿ ಲ್ಯೂರನ್ನು ತಿರುಗಿಸುವ ಫಿಗರ್ ಎಯ್ಟ್ ಎಂಬ ಕ್ರಮ ಮಸ್ಕಿಗೆ ಅನಿವಾರ್ಯ. ಆಗ ಕೋಲು ಹಿಡಿಯುವ ಕೈ ಗಟ್ಟಿಯಾಗಿರಬೇಕೆಂದು ಬಲಗೈಯವರಲ್ಲಿ ಅನೇಕರು ಎಡಗಡೆಯ ಹ್ಯಾಂಡಲ್ ಆರಿಸುತ್ತಾರೆ.

ದಾರವನ್ನು ಸ್ಪೂಲ್ ಮೇಲೆ ಸಮನಾಗಿ ಹರಡುವ ಲೆವೆಲ್‌ವೈಂಡ್, ತಿರುಪಿನಂಥ ದಂಡ ಮತ್ತು ಅದರ ತೋಡಿನಲ್ಲಿ ಓಡಾಡುವ ಸಣ್ಣ ನಾಲಿಗೆಯಿಂದ ನಡೆಯುತ್ತದೆ. ಹೆಣೆದ ದಾರ ತನ್ನೊಂದಿಗೆ ನೀರು, ಪಾಚಿ, ಮರಳಿನ ಪುಡಿ ಎಲ್ಲವನ್ನೂ ಹೊತ್ತು ತಂದು ಇಲ್ಲೇ ಉದುರಿಸುತ್ತದೆ. ನಾಲಿಗೆ ಗಟ್ಟಿ ಲೋಹದ್ದಾಗಿದ್ದು, ಒಂದೇ ತಿರುಪು ಬಿಚ್ಚಿ ಅದನ್ನು ಹೊರತೆಗೆಯುವಂತಿದ್ದರೆ ಮುಂದೆ ನಿಮಗೇ ಅನುಕೂಲ. ದಾರ ಹಾಯುವ ಬಳೆ ಅಗಲವಾಗಿರಲಿ. ಕೆಲವು ರೀಲ್‌ಗಳಲ್ಲಿ ಎಸೆಯುವಾಗ ಈ ಬಳೆ ನಿಂತಲ್ಲೇ ನಿಂತಿರುತ್ತದೆ. ಅದು ಒಂದು ಬದಿಯಲ್ಲಿ ನಿಂತಿದ್ದರೆ ದಾರ ಓರೆಯಾಗಿ ಉಜ್ಜಿಕೊಂಡೇ ಹೊರಹೋಗುತ್ತದೆ, ಭಾರದ ಲ್ಯೂರ್‌ನ ವೇಗದಲ್ಲಿ ಅದು ಕಡಿಮೆ ಒತ್ತಡವೇನಲ್ಲ.

ಥಂಬ್ ಬಾರ್ ಅಂದರೆ ಸ್ಪೂಲನ್ನು ಬಿಡುಗಡೆ ಮಾಡಲು ಹೆಬ್ಬೆರಳಿನಿಂದ ಒತ್ತುವ ಪಟ್ಟಿ. ಅದು ಅಗಲವಾಗಿದ್ದು, ಒದ್ದೆ ಕೈಗವಸು ಹಾಕಿದಾಗಲೂ ಸಲೀಸಾಗಿ ಸಿಗಬೇಕು. ಇಲ್ಲಿ ಬಳಕೆಯ ಮಾತೊಂದನ್ನು ಸೇರಿಸಲೇಬೇಕು. ಲ್ಯೂರ್ ಇನ್ನೂ ಹಾರುತ್ತಿರುವಾಗ, ಸ್ಪೂಲ್ ತಿರುಗುತ್ತಿರುವಾಗಲೇ ಹ್ಯಾಂಡಲ್ ತಿರುಗಿಸಿ ಗಿಯರ್ ಹೊಂದಿಸುವ ಅಭ್ಯಾಸ ಎಂಥ ದುಬಾರಿ ರೀಲನ್ನಾದರೂ ಹಾಳುಮಾಡುತ್ತದೆ. ಹೆಬ್ಬೆರಳಿನಿಂದ ಸ್ಪೂಲ್ ನಿಲ್ಲಿಸಿ, ಆಮೇಲೆ ಹ್ಯಾಂಡಲ್ ತಿರುಗಿಸಿ.

ಡ್ರ್ಯಾಗ್ ಮತ್ತು ಬ್ರೇಕ್ ಬಗ್ಗೆ ಎರಡೇ ಮಾತು

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಬಿಗಿ ತಪ್ಪದೆ ಬಿಟ್ಟುಕೊಡುವ ತಡೆ. ಇಪ್ಪತ್ತೈದು ಪೌಂಡ್ ಡ್ರ್ಯಾಗ್ ಎಂಬ ಜಾಹೀರಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಸ್ಪ್ರಿಂಗ್ ತಕ್ಕಡಿಯಿಂದ ರೀಲ್‌ನಲ್ಲೇ ಅಳೆದಾಗ 12ರಿಂದ 15 ಪೌಂಡಿಗೆ ಕುಲುಕದೆ ದಾರ ಬಿಡುವ, ಕಾರ್ಬನ್ ವಾಷರ್ ಇರುವ ಡ್ರ್ಯಾಗ್ ಸಾಕು. ಹೀಗೆ ಬಿಗಿ ಇರಿಸುವುದು ಮೀನಿಗೂ ಒಳಿತು: ಬಹುಪಾಲು ಮಸ್ಕಿಗಳನ್ನು ಹಿಡಿದು ಬಿಟ್ಟುಬಿಡುತ್ತಾರೆ, ಮಿನೆಸೋಟಾದಲ್ಲಂತೂ ಒಳನಾಡಿನ ಸರೋವರಗಳಲ್ಲಿ 54 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಮೀನು ಬಹಳ ಹೊತ್ತು ಸೆಣಸಿ ಸೋತುಹೋಗದಂತೆ ಬೇಗ ದೋಣಿಯ ಬಳಿಗೆ ತರಬೇಕು. ಎಸೆಯುವಾಗ ಸ್ಪೂಲ್ ಅತಿವೇಗಕ್ಕೆ ಹೋಗದಂತೆ ತಡೆಯುವ ಬ್ರೇಕ್ ಕಾಂತದ್ದಾದರೂ ಆಗಲಿ, ಕೇಂದ್ರಾಪಗಾಮಿ ಬಲದ್ದಾದರೂ ಆಗಲಿ, ಇಷ್ಟು ಭಾರದ ಲ್ಯೂರ್‌ಗಳಿಗೆ ದೊಡ್ಡ ವ್ಯತ್ಯಾಸವಾಗದು.

ಆರನೆಯ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

ಬರಿಗೈಯಲ್ಲಿ ಹ್ಯಾಂಡಲ್ ಗಿರ್ರೆಂದು ತಿರುಗಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ರೀಲನ್ನು ಒಂದು ಕೋಲಿಗೆ ಕೂರಿಸಿಕೊಡಲು ಕೇಳಿ. ಡ್ರ್ಯಾಗ್ ಪೂರ್ತಿ ಬಿಗಿಮಾಡಿ, ಜೊತೆಗಿದ್ದವರು ದಾರವನ್ನು ಹಿಡಿದು ಎದುರೆಳೆಯುತ್ತಿರುವಾಗ ನಿಧಾನವಾಗಿ ಸುತ್ತಿ. ಅಂಗೈಗೆ ತಾಗಿರುವ ಬದಿಯ ಮುಚ್ಚಳ ಕದಲುತ್ತದೆಯೇ, ಹಲ್ಲುಗಳು ಮಸೆಯುವ ಕಂಪನ ಬೆರಳಿಗೆ ಬರುತ್ತದೆಯೇ ಗಮನಿಸಿ. ಬಳಿಕ ಸುತ್ತುವುದನ್ನು ನಿಲ್ಲಿಸಿ, ದಾರವನ್ನು ಹತ್ತಿಪ್ಪತ್ತು ಸಲ ಚುರುಕಾಗಿ ಜಗ್ಗಲು ಹೇಳಿ. ಹ್ಯಾಂಡಲ್ ಒಮ್ಮೆಯಾದರೂ ಹಿಂದಕ್ಕೆ ಜಾರಿದರೆ ಆ ರೀಲನ್ನು ಅಲ್ಲೇ ಬಿಟ್ಟು ಬನ್ನಿ. ಹಳೆಯ ರೀಲ್ ಕೊಳ್ಳುವವರಿಗೆ ಈ ಪರೀಕ್ಷೆ ಇನ್ನೂ ಅಗತ್ಯ. ಜೊತೆಗೆ ಹ್ಯಾಂಡಲ್ ದಂಡವನ್ನು ಮೇಲೆ ಕೆಳಗೆ ಅಲುಗಾಡಿಸಿ ಸಡಿಲವಿದೆಯೇ ನೋಡಬೇಕು.

ಕೊನೆಯದಾಗಿ ಬಿಡಿಭಾಗಗಳ ಪ್ರಶ್ನೆ. ಪಿನಿಯನ್, ಮುಖ್ಯ ಗಿಯರ್, ರೋಲರ್ ಬೇರಿಂಗ್ ಮತ್ತು ಲೆವೆಲ್‌ವೈಂಡ್ ನಾಲಿಗೆ ಈ ನಾಲ್ಕೂ ಬಿಡಿಯಾಗಿ ಸಿಗುವಂಥ ರೀಲ್ ಮಾತ್ರ ದೀರ್ಘಕಾಲದ ರೀಲ್. ಪ್ರತಿವರ್ಷ ಹೊಸ ಬಣ್ಣ, ಹೊಸ ಹೆಸರಿನಲ್ಲಿ ಬದಲಾಗುವ ಮಾದರಿಗಳಿಗೆ ನಾಲ್ಕು ವರ್ಷದ ನಂತರ ಗಿಯರ್ ಹುಡುಕುವುದು ದುಸ್ತರ.

ಯಾವ ಮಾದರಿಗಳನ್ನು ನೋಡಬಹುದು

ಬಹಳ ಕಾಲ ಮಸ್ಕಿ ದೋಣಿಗಳಲ್ಲಿ ದುಂಡು ರೀಲ್‌ಗಳದ್ದೇ ರಾಜ್ಯಭಾರ. ಆಬು ಗಾರ್ಸಿಯಾದ ಅಂಬಾಸಡರ್ 6500 ಮತ್ತು 7000, ಶಿಮಾನೊ ಕಲ್ಕಟ್ಟಾ 400 ಇವು ಇಂದಿಗೂ ಹಳೆಯ ಕೈಗಳಲ್ಲಿ ದುಡಿಯುತ್ತಿವೆ. ಅಂಬಾಸಡರ್ 7000ದ 4.1:1 ಅನುಪಾತ ಇಂದಿನವರಿಗೆ ನಿಧಾನ ಅನಿಸಿದರೂ ದೊಡ್ಡ ಕ್ರ್ಯಾಂಕ್‌ಬೇಟ್ ಎಳೆಯಲು ಅದು ಹೇಳಿ ಮಾಡಿಸಿದಂತಿದೆ. ದುಂಡು ರೀಲ್ ಕೈಗೆ ದಪ್ಪ, ಬಿಚ್ಚಿ ಜೋಡಿಸಲು ಸುಲಭ. ಲೋ-ಪ್ರೊಫೈಲ್ ಕಡೆಗೆ ಬಂದರೆ ಶಿಮಾನೊ ಟ್ರ್ಯಾಂಕ್ಸ್ 400 ಮತ್ತು 500, ಡೈವಾ ಲೆಕ್ಸಾ 400, ಆಬು ಗಾರ್ಸಿಯಾ ರೆವೊ ಬೀಸ್ಟ್, ಒಕುಮಾ ಕೊಮೊಡೊ ಇವೆಲ್ಲ ಈ ಕೆಲಸಕ್ಕೆಂದೇ ರೂಪುಗೊಂಡವು ಅಥವಾ ಈ ಕೆಲಸದಲ್ಲಿ ಪಳಗಿದವು. 400ರ ಗಾತ್ರದ ಟ್ರ್ಯಾಂಕ್ಸ್ 300 ಗ್ರಾಂ ದಾಟಿದರೆ 500 ಹತ್ತಿರ ಹತ್ತಿರ 600 ಗ್ರಾಂ ತೂಗುತ್ತದೆ. ಒಂಬತ್ತು ಅಡಿ ಕೋಲಿನ ಜೊತೆ ಅದನ್ನು ದಿನವಿಡೀ ಹಿಡಿದು ನಿಲ್ಲುವ ಶಕ್ತಿ ತನಗಿದೆಯೇ ಎಂದು ಕೊಳ್ಳುವವರು ತಾವೇ ಕೇಳಿಕೊಳ್ಳಬೇಕು. ಕೈ ಬಿಗಿಯಿದ್ದರೆ ಇನ್ನೂರು ಡಾಲರಿನ ಆಸುಪಾಸಿನ ಒಂದು ಗಟ್ಟಿ ರೀಲ್ ಕೊಂಡು, ಉಳಿದ ಹಣವನ್ನು ಒಳ್ಳೆಯ ದಾರಕ್ಕೂ, ಲ್ಯೂರ್‌ನ ಮುಂದೆ ಕಟ್ಟುವ, ಮೀನಿನ ಹಲ್ಲಿಗೆ ಹರಿಯದ ಲೀಡರ್‌ಗೂ ಹಾಕುವುದು ಮೇಲು.

ಕೊಂಡ ಮೇಲಿನ ಆರೈಕೆ

ಹೆಣೆದ ದಾರವನ್ನು ನುಣುಪಾದ ಸ್ಪೂಲ್‌ಗೆ ನೇರವಾಗಿ ಸುತ್ತಿದರೆ ಇಡೀ ದಾರವೇ ಜಾರುತ್ತ ಸುತ್ತತೊಡಗಿ, ಡ್ರ್ಯಾಗ್ ಕೆಟ್ಟಿದೆಯೆಂಬ ಭ್ರಮೆ ಹುಟ್ಟುತ್ತದೆ. ಮೊದಲು ಹತ್ತಾರು ಮೀಟರ್ ನೈಲಾನ್ ದಾರ ಸುತ್ತಿ, ಅದರ ಮೇಲೆ ಹೆಣೆದ ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲವಾಗಿ ಸುತ್ತಿದ ದಾರ ಮೊದಲ ಭಾರಕ್ಕೇ ಕೆಳಗಿನ ಪದರಗಳೊಳಗೆ ಕಚ್ಚಿಕೊಂಡು, ಮುಂದಿನ ಎಸೆತದಲ್ಲಿ ಲ್ಯೂರನ್ನು ತೆಗೆದುಕೊಂಡು ಹೋಗುತ್ತದೆ.

ಕೆಲವು ದಿನಗಳ ಬಳಕೆಗೊಮ್ಮೆ ಲೆವೆಲ್‌ವೈಂಡ್ ದಂಡವನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಂದೆರಡು ಹನಿ ತೆಳು ಎಣ್ಣೆ ಬಿಡಿ. ಸ್ಪೂಲ್ ಬೇರಿಂಗ್‌ಗಳಿಗೆ ಒಂದೇ ಹನಿ ಸಾಕು. ಕೊಳಾಯಿಯ ರಭಸದ ನೀರನ್ನು ರೀಲ್ ಮೇಲೆ ಬಿಡಬೇಡಿ, ಅದು ಹೊರಗಿನ ಕೊಳೆಯನ್ನು ಒಳಗೆ ತಳ್ಳುತ್ತದೆ. ಸರೋವರಗಳು ಹೆಪ್ಪುಗಟ್ಟಿ ದೋಣಿ ಮನೆ ಸೇರಿದ ಮೇಲೆ ರೀಲ್ ಬಿಚ್ಚಿ, ಹಳೆಯ ಗ್ರೀಸ್ ಒರೆಸಿ, ಗಿಯರ್‌ನ ಹಲ್ಲುಗಳಿಗೆ ಹೊಸ ಗ್ರೀಸ್ ಹಚ್ಚಿ. ರೋಲರ್ ಬೇರಿಂಗ್‌ಗೆ ಮಾತ್ರ ಗ್ರೀಸ್ ತಾಗಕೂಡದು. ಅದನ್ನು ದ್ರಾವಕದಲ್ಲಿ ತೊಳೆದು ಒಣಗಿಸಿ, ತೀರ ತೆಳುವಾದ ಎಣ್ಣೆಯ ಪಸೆ ಮಾತ್ರ ಉಳಿಸಿ. ಸವೆದ ಪಿನಿಯನನ್ನು ಬದಲಿಸುವಾಗ ಮುಖ್ಯ ಗಿಯರನ್ನೂ ಜೊತೆಯಲ್ಲೇ ಬದಲಿಸಿ, ಏಕೆಂದರೆ ಹಳೆಯ ಗಿಯರ್‌ನ ಸವೆದ ಹಲ್ಲು ಹೊಸ ಪಿನಿಯನನ್ನು ಒಂದೇ ಋತುವಿನಲ್ಲಿ ತನ್ನ ಆಕಾರಕ್ಕೆ ತಿದ್ದಿಬಿಡುತ್ತದೆ. ಡ್ರ್ಯಾಗ್‌ನ ವಾಷರ್‌ಗಳು ಒತ್ತಿ ಚಪ್ಪಟೆಯಾಗದಂತೆ ಚಳಿಗಾಲದುದ್ದಕ್ಕೂ ಡ್ರ್ಯಾಗ್ ಸಡಿಲಿಸಿಡಿ, ವಸಂತದಲ್ಲಿ ಮತ್ತೆ ಬಿಗಿಮಾಡಿದಾಗ ಸ್ಪ್ರಿಂಗ್ ತಕ್ಕಡಿಯಿಂದ ಇನ್ನೊಮ್ಮೆ ಅಳೆಯಿರಿ.